ಬೆನ್ನ ಹಿಂದಿನ ಸದ್ದು ಕಿವಿಯೊಳಗೆ ಬಂದ ಕತೆ

1996ರ ಅಕ್ಟೋಬರ್‌ನಲ್ಲಿ ಕೆನಡಾದ ರಷ್ ತಂಡ ಹೊಸ ಪ್ರವಾಸ ಹೊರಟಾಗ ವೇದಿಕೆಯ ಮೇಲೆ ಹಳೇ ಕಾಲದ ಒಂದು ಫ್ರಿಜ್ ನಿಂತಿತ್ತು. ಒಂದು ಬದಿಯಲ್ಲಿ ಗಿಟಾರ್ ವಾದಕ ಅಲೆಕ್ಸ್ ಲೈಫ್‌ಸನ್, ಅವರ ಹಿಂದೆ ಎಂದಿನಂತೆ ಆಂಪ್ಲಿಫೈಯರ್‌ಗಳ ಸಾಲು. ಇನ್ನೊಂದು ಬದಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಲೇ ಹಾಡುವ ಗೆಡ್ಡಿ ಲೀ. ಅವರ ಬೆನ್ನ ಹಿಂದೆ ಇರಬೇಕಾದ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಮಾತ್ರ ಇರಲಿಲ್ಲ. ಆ ಜಾಗವನ್ನು ಫ್ರಿಜ್ ತುಂಬಿತ್ತು. 2002ರ ಪ್ರವಾಸದಲ್ಲಿ ಅದೇ ಜಾಗದಲ್ಲಿ ಕಾಸು ಹಾಕಿ ಬಟ್ಟೆ ಒಣಗಿಸುವ ಮೂರು ಯಂತ್ರಗಳು ಬಂದವು. ಹಾಡಿನ ಮೇಲೆ ಹಾಡು ಸಾಗಿದಂತೆ ಅವುಗಳೊಳಗೆ ಟೀ ಶರ್ಟ್‌ಗಳು ಗರಗರ ತಿರುಗುತ್ತಿದ್ದವು, ಕೊನೆಗೆ ಅವನ್ನು ಜನರ ನಡುವೆ ಎಸೆಯುತ್ತಿದ್ದರು. 2007ರಲ್ಲಿ ಕೋಳಿ ಸುಡುವ ಗಾಜಿನ ಒಲೆಗಳು ಬಂದವು, ಅಡುಗೆಯವನ ವೇಷ ತೊಟ್ಟವನೊಬ್ಬ ನಡುನಡುವೆ ವೇದಿಕೆಗೆ ಬಂದು ಕೋಳಿಗಳಿಗೆ ಎಣ್ಣೆ ಸವರಿ ಹೋಗುತ್ತಿದ್ದ. ಸಭಿಕರಿಗೆ ಅದು ತಮಾಷೆ. ತಮಾಷೆಯ ಹಿಂದಿದ್ದ ಸಂಗತಿ ಇಷ್ಟು: ಲೀ ಅವರ ಬೇಸ್ ಸೀದಾ ಮಿಕ್ಸರ್‌ಗೆ ಹೋಗುತ್ತಿತ್ತು, ಅವರಿಗೆ ಕೇಳಬೇಕಾದ ಸದ್ದು ಕಿವಿಯೊಳಗಿನ ಪುಟ್ಟ ಸ್ಪೀಕರ್‌ಗೆ ಬರುತ್ತಿತ್ತು. ಬೆನ್ನ ಹಿಂದೆ ಏನೂ ಬೇಕಿರಲಿಲ್ಲ.

ಆ ಖಾಲಿ ಜಾಗ ಹುಟ್ಟುವುದಕ್ಕೆ ನಲವತ್ತೈದು ವರ್ಷ ಹಿಡಿಯಿತು.

ಕಿವಿಯೊಳಗೆ ಕೂರುವ ಇನ್-ಇಯರ್ ಮಾನಿಟರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಹಾಡುಗಾರರ ಕಡೆಯಿಂದ ಹೇಳುವುದೇ ರೂಢಿ. ಬೇಸ್ ವಾದಕರ ಕಡೆಯಿಂದ ನೋಡಿದರೆ ಅದರ ತಿರುವುಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಹಾಡುಗಾರನಿಗೆ ಬೇಕಾದದ್ದು ಶ್ರುತಿ, ಅದನ್ನು ಕಿವಿಯೊಂದೇ ಹಿಡಿಯಬಲ್ಲದು. ಮಂದ್ರ ಸ್ವರಗಳನ್ನು ನುಡಿಸುವವನು ಕಿವಿಯಿಂದ ಎಷ್ಟು ಕೇಳುತ್ತಾನೋ ಎದೆ, ಹೊಟ್ಟೆ, ಪಾದಗಳಿಂದಲೂ ಅಷ್ಟೇ ಕೇಳುತ್ತಾನೆ. ಆ ಸದ್ದನ್ನು ಮೈಯಿಂದ ಬಿಡಿಸಿ ಎರಡು ಕಿವಿಗಳೊಳಗೆ ಇಳಿಸುವ ಕೆಲಸ ಬಲು ಕಷ್ಟದ್ದು. ಅದರಿಂದ ಆದ ಲಾಭವೂ ದೊಡ್ಡದು, ನಷ್ಟವೂ ನಿಜವಾದದ್ದು.

1951ರವರೆಗೆ ಬೇಸ್ ಎಂದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ನುಡಿಸುವ ಆಳೆತ್ತರದ ಡಬಲ್ ಬೇಸ್. ತುತ್ತೂರಿಗಳೂ ಡ್ರಮ್ಮೂ ಸೇರಿದ ದೊಡ್ಡ ತಂಡದಲ್ಲಿ ಅದರ ಸದ್ದು ಮುಳುಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಆ ವರ್ಷ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಗಿಟಾರ್‌ನಂತೆ ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಈ ವಾದ್ಯಕ್ಕೆ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ತಪ್ಪುವ ಭಯವೂ ಇರಲಿಲ್ಲ. ಮರುವರ್ಷ ಅದಕ್ಕೆಂದೇ ಬೇಸ್‌ಮನ್ ಆಂಪ್ ಬಂತು. ಲಯನೆಲ್ ಹ್ಯಾಂಪ್ಟನ್ ಅವರ ಜಾಜ್ ತಂಡದಲ್ಲಿ ಮಾಂಕ್ ಮಾಂಟ್ಗೊಮರಿ ಇದನ್ನು ನುಡಿಸತೊಡಗಿದಾಗ ಊರೂರಿನ ವಾದಕರು ಕುತೂಹಲದಿಂದ ನೋಡಿದರು. ಬೇಸ್‌ನ ಸದ್ದು ವಾದ್ಯವನ್ನು ಬಿಟ್ಟು ಬೇರೆಡೆಯಿಂದ, ಬೆನ್ನ ಹಿಂದಿನ ಪೆಟ್ಟಿಗೆಯಿಂದ, ಬರತೊಡಗಿತು.

ಆ ಪೆಟ್ಟಿಗೆಗೆ ಬಹಳ ಬೇಗ ಶಕ್ತಿ ಸಾಲದಾಯಿತು. ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಮನುಷ್ಯನ ಕಿವಿ ಇಂಥ ಸ್ವರಗಳಿಗೆ ಬಹಳ ಮಂದ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು: ಹಾಡುಗಾರನ ಸ್ವರದಷ್ಟೇ ಗಟ್ಟಿಯಾಗಿ ಕೇಳಿಸಬೇಕಾದರೆ ಮಂದ್ರ ಸ್ವರಕ್ಕೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಕೊಡಬೇಕು. ವೇದಿಕೆಯ ಮೇಲೆ ಇನ್ನೊಂದು ತೊಡಕೂ ಇತ್ತು. ಪೆಟ್ಟಿಗೆ ಮೊಣಕಾಲಿನ ಮಟ್ಟದಲ್ಲಿ, ಕಿವಿ ಅದಕ್ಕಿಂತ ಬಹಳ ಮೇಲೆ. ತಂತಿಗೆ ಬೆರಳು ತಾಗಿದ ಸ್ಪಷ್ಟ ಸದ್ದು ನೇರ ಗೆರೆಯಲ್ಲಿ ಕಾಲಿನ ಕಡೆಗೇ ಹೋಗುತ್ತಿತ್ತು. ಮಂದ್ರದ ಗುಂಯ್‌ಗುಡುವಿಕೆ ಮಾತ್ರ ಗೋಡೆಗಳಿಗೆ ಬಡಿದು ಹಿಂತಿರುಗಿ, ಒಂದು ಕಡೆ ಹೆಚ್ಚಾಗಿ, ಎರಡು ಹೆಜ್ಜೆ ಆಚೆ ಏನೂ ಇಲ್ಲವೆಂಬಂತೆ ಕೇಳಿಸುತ್ತಿತ್ತು. ತಾನು ನುಡಿಸುತ್ತಿದ್ದೇನೆ ಎಂಬುದು ವಾದಕನಿಗೆ ಗೊತ್ತಾಗುತ್ತಿತ್ತು, ಯಾವ ಸ್ವರ ಎಂಬುದು ಗೊತ್ತಾಗುತ್ತಿರಲಿಲ್ಲ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ನುಡಿಸಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಬೀಟಲ್ಸ್‌ಗೆಂದೇ ವಾಕ್ಸ್ ಕಂಪನಿ 100 ವ್ಯಾಟ್‌ನ ಆಂಪ್‌ಗಳನ್ನು ಮಾಡಿಕೊಟ್ಟಿತ್ತು. ಕಿರುಚಾಟದಲ್ಲಿ ಅವು ಎಲ್ಲಿಗೂ ಸಾಲಲಿಲ್ಲ. ತಮ್ಮ ಸದ್ದು ತಮಗೆ ಕೇಳುವಂತೆ ಮಾಡುವ ಮಾನಿಟರ್ ಎಂಬುದು ಆ ವೇದಿಕೆಯ ಮೇಲೆ ಇರಲೇ ಇಲ್ಲ. ಡ್ರಮ್ ನುಡಿಸುತ್ತಿದ್ದ ರಿಂಗೋ ಸ್ಟಾರ್ ಮುಂದಿದ್ದವರ ತಲೆ, ಬೆನ್ನುಗಳ ಅಲುಗಾಟ ನೋಡಿ ಹಾಡು ಎಲ್ಲಿಗೆ ಬಂತೆಂದು ಊಹಿಸಿಕೊಳ್ಳುತ್ತಿದ್ದರಂತೆ. ಡ್ರಮ್ಮಿಗೂ ಬೇಸಿಗೂ ಇರಬೇಕಾದ ಹೊಂದಿಕೆ ಕಣ್ಣಳತೆಯ ಮೇಲೆ ನಡೆಯುತ್ತಿತ್ತು ಎಂದಾಯಿತು. ಮರುವರ್ಷ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ನುಡಿಸಿದ ಮೇಲೆ ಬೀಟಲ್ಸ್ ಟಿಕೆಟ್ ಇಟ್ಟು ಕಾರ್ಯಕ್ರಮ ಕೊಡಲಿಲ್ಲ. ಕೇಳಿಸದ ಸಂಗೀತವನ್ನು ನುಡಿಸುವ ಬೇಸರ ಅದಕ್ಕಿದ್ದ ಕಾರಣಗಳಲ್ಲಿ ಒಂದು.

ಪರಿಹಾರದ ಬೀಜ ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಷ್ಟರಲ್ಲಾಗಲೇ ಬಿದ್ದಿತ್ತು. 1961ರಲ್ಲಿ ಜೂಡಿ ಗಾರ್ಲೆಂಡ್ ಅವರ ಕಾರ್ಯಕ್ರಮಕ್ಕೆ ಅಲ್ಲಿನ ಮೆಕ್ಯೂನ್ ಎಂಬ ಸೌಂಡ್ ಕಂಪನಿ ವೇದಿಕೆಯ ಬದಿಯಲ್ಲಿ ಸ್ಪೀಕರ್ ಇಟ್ಟು ಅವರದೇ ಧ್ವನಿಯನ್ನು ಅವರತ್ತ ತಿರುಗಿಸಿತು. ಮುಂದೆ ನೆಲದ ಮೇಲೆ ಓರೆಯಾಗಿ ಕೂತು ಹಾಡುಗಾರನ ಮುಖ ನೋಡುವ ಪೆಟ್ಟಿಗೆಗಳು ಎಲ್ಲೆಡೆ ಬಂದವು. ವೆಜ್ ಎಂದು ಸೌಂಡ್‌ನವರು ಕರೆಯುವ ಈ ಪೆಟ್ಟಿಗೆಗಳನ್ನು ಕನ್ನಡ ನಾಡಿನ ಯಾವ ಆರ್ಕೆಸ್ಟ್ರಾ ವೇದಿಕೆಯಲ್ಲೂ ಇವತ್ತಿಗೂ ಕಾಣಬಹುದು. ಅವುಗಳಿಗೊಂದು ಮಿತಿಯಿದೆ. ಸದ್ದು ಸ್ವಲ್ಪ ಏರಿಸಿದರೆ ಅದೇ ಮೈಕಿಗೆ ನುಗ್ಗಿ, ಮತ್ತೆ ಪೆಟ್ಟಿಗೆಗೆ ಬಂದು, ಕುಂಯ್ ಎಂದು ಕೂಗಿಬಿಡುತ್ತದೆ. ಮೊದಮೊದಲು ಅವುಗಳಲ್ಲಿ ಹರಿಯುತ್ತಿದ್ದುದು ಹಾಡುಗಾರರ ಧ್ವನಿ. ಬೇಸ್ ವಾದಕನಿಗೆ ತನ್ನ ಬೆನ್ನ ಹಿಂದಿನ ಪೆಟ್ಟಿಗೆಯೇ ಗತಿಯಾಗಿತ್ತು.

ಆದ್ದರಿಂದ ಅವನು ಪೆಟ್ಟಿಗೆಯನ್ನು ಬೆಳೆಸಿದ. ಲಂಡನ್ನಿನ ದ ಹೂ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಈ ಕತೆಯಲ್ಲಿ ಮುಖ್ಯರು. ಕೀತ್ ಮೂನ್ ಅವರ ಡ್ರಮ್ಮಿನ ಅಬ್ಬರದಲ್ಲಿ ತಮ್ಮ ವಾದ್ಯ ತಮಗೆ ಕೇಳಲೆಂದು ಅವರು ಜಿಮ್ ಮಾರ್ಷಲ್ ಅವರ ಅಂಗಡಿಯಿಂದ ದೊಡ್ಡ ಪೆಟ್ಟಿಗೆಗಳನ್ನು ತಂದರು. ಆಗ ಗಿಟಾರ್ ವಾದಕ ಪೀಟ್ ಟೌನ್ಸೆಂಡ್‌ಗೆ ತಮ್ಮ ಗಿಟಾರ್ ಕೇಳಿಸದಾಯಿತು, ಅವರೂ ತಂದರು. ಇಬ್ಬರೂ ಪೈಪೋಟಿಯಲ್ಲಿ ಕೇಳಿ ಕೇಳಿ ಮಾರ್ಷಲ್ 100 ವ್ಯಾಟ್‌ನ ಆಂಪ್ ಮಾಡಿಕೊಟ್ಟರು. ರಾಕ್ ವೇದಿಕೆಯ ಗುರುತೇ ಆಗಿಹೋದ ಆ ಕಪ್ಪು ಪೆಟ್ಟಿಗೆಗಳ ಗೋಡೆ ಎದ್ದದ್ದು ಸೊಕ್ಕಿನಿಂದ ಅಲ್ಲ, ಬೇಸ್ ವಾದಕನೊಬ್ಬನಿಗೆ ತನ್ನ ಸ್ವರ ಕೇಳಿಸದ ಕಷ್ಟದಿಂದ. 1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿ 300 ವ್ಯಾಟ್‌ನ ಎಸ್‌ವಿಟಿ ಎಂಬ ಬೇಸ್ ಆಂಪ್ ತಂದಿತು. ರೋಲಿಂಗ್ ಸ್ಟೋನ್ಸ್ ಆ ವರ್ಷದ ಅಮೆರಿಕ ಪ್ರವಾಸಕ್ಕೆ ಅದನ್ನೇ ಹೊತ್ತು ಹೋದರು. ಎಂಟೆಂಟು ಸ್ಪೀಕರ್‌ಗಳ ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಗಟ್ಟಿಗರು ಬೇಕು.

1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಫುಟ್‌ಬಾಲ್ ಮೈದಾನದಲ್ಲಿ ದ ಹೂ ನುಡಿಸಿದಾಗ ಸ್ಪೀಕರ್‌ಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಸದ್ದು ದಾಖಲಾಯಿತು. ಗಿನ್ನೆಸ್ ಪುಸ್ತಕ ಅದನ್ನು ಅತಿ ಅಬ್ಬರದ ಕಾರ್ಯಕ್ರಮವೆಂದು ಸೇರಿಸಿಕೊಂಡಿತು. ಕಿವಿಗೆ ಕೇಡು ತರುವ ಪೈಪೋಟಿಗೆ ಪ್ರೋತ್ಸಾಹ ಬೇಡವೆಂದು ಮುಂದೆ ಆ ವಿಭಾಗವನ್ನೇ ಕೈಬಿಟ್ಟಿತು. ಟೌನ್ಸೆಂಡ್ ಕಿವಿ ಕಳೆದುಕೊಂಡದ್ದನ್ನು ಬಹಿರಂಗವಾಗಿ ಹೇಳಿದರು. 2002ರಲ್ಲಿ ತೀರಿಕೊಂಡ ಎಂಟ್ವಿಸಲ್‌ಗೂ ಕೊನೆಯ ವರ್ಷಗಳಲ್ಲಿ ಕಿವಿ ಬಹಳ ಮಂದವಾಗಿತ್ತು. ತನ್ನ ಸದ್ದು ಕೇಳಬೇಕೆಂದು ಶುರು ಮಾಡಿದವರಿಗೆ ಕೊನೆಗೆ ಕೇಳುವ ಶಕ್ತಿಯೇ ಉಳಿಯಲಿಲ್ಲ.

ಅಬ್ಬರದ ದಾರಿಯಲ್ಲಿ ಅತಿ ದೂರ ಹೋದವರು, ಅತಿ ಬುದ್ಧಿವಂತಿಕೆಯಿಂದ ಹೋದವರು, ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡದವರು. 1974ರ ಮಾರ್ಚ್ 23ರಂದು ಕೌ ಪ್ಯಾಲೆಸ್ ಸಭಾಂಗಣದಲ್ಲಿ ಅವರು ನಿಲ್ಲಿಸಿದ 'ವಾಲ್ ಆಫ್ ಸೌಂಡ್'ನಲ್ಲಿ ಸುಮಾರು 600 ಸ್ಪೀಕರ್‌ಗಳಿದ್ದವು, 26,000 ವ್ಯಾಟ್‌ಗೂ ಮೀರಿದ ಶಕ್ತಿಯಿತ್ತು. ಔಸ್ಲಿ ಸ್ಟ್ಯಾನ್ಲಿ ಎಂಬ ವಿಚಿತ್ರ ಪ್ರತಿಭೆಯ ಸೌಂಡ್ ಕಸುಬುದಾರ ಕಂಡ ಕನಸು ಅದು. ಜನರಿಗೊಂದು, ವಾದಕರಿಗೊಂದು ಎಂದು ಎರಡು ವ್ಯವಸ್ಥೆ ಏಕೆ, ಸ್ಪೀಕರ್‌ಗಳನ್ನೆಲ್ಲ ವಾದಕರ ಬೆನ್ನ ಹಿಂದೆಯೇ ನಿಲ್ಲಿಸಿದರೆ ಇಬ್ಬರಿಗೂ ಒಂದೇ ಸಂಗೀತ ಕೇಳುತ್ತದಲ್ಲ ಎಂಬುದು ಅವರ ವಾದ. ಹಾಗೆ ಮಾಡಿದರೆ ಹಿಂದಿನ ಸದ್ದು ಹಾಡುಗಾರನ ಮೈಕಿಗೆ ನುಗ್ಗಬೇಕಿತ್ತು. ಅದಕ್ಕೆ ಪ್ರತಿಯೊಬ್ಬರಿಗೂ ಎರಡು ಮೈಕ್ ಕಟ್ಟಿ ಒಂದರ ವಿರುದ್ಧ ಒಂದನ್ನು ಜೋಡಿಸಿದರು. ಎರಡಕ್ಕೂ ಸಮನಾಗಿ ಬಂದ ಗೋಡೆಯ ಸದ್ದು ಅಳಿಸಿಹೋಗಿ, ಒಂದಕ್ಕೆ ಮಾತ್ರ ತುಟಿ ತಾಗಿಸಿ ಹಾಡಿದ್ದು ಉಳಿಯುತ್ತಿತ್ತು.

ಆ ಗೋಡೆಯ ರಾಜ ಬೇಸ್. ಫಿಲ್ ಲೆಶ್ ಅವರ ವಾದ್ಯದ ನಾಲ್ಕು ತಂತಿಗಳ ಸದ್ದನ್ನು ಬೇರೆ ಬೇರೆಯಾಗಿ ಹಿಡಿದು ಒಂದೊಂದನ್ನೂ ಬೇರೆ ಬೇರೆ ಸ್ಪೀಕರ್ ಕಂಬಗಳಿಗೆ ಕಳಿಸಬಹುದಾಗಿತ್ತು. ಪ್ರತಿ ತಂತಿಯೂ ಗೋಡೆಯ ಬೇರೆ ಬೇರೆ ಜಾಗದಿಂದ ಮೂಡಿಬರುವ ಅನುಭವ ಅವರಿಗೆ ಸಿಕ್ಕಿತು. ಮಂದ್ರ ಸ್ವರಗಳನ್ನು ಅಷ್ಟು ಶುದ್ಧವಾಗಿ, ಅಷ್ಟು ದೊಡ್ಡದಾಗಿ ಅದಕ್ಕೆ ಮುಂಚೆ ಯಾವ ವಾದಕನೂ ಕೇಳಿರಲಿಕ್ಕಿಲ್ಲ. ಆದರೆ ಟನ್ನುಗಟ್ಟಲೆ ಭಾರದ ಆ ವ್ಯವಸ್ಥೆಯನ್ನು ಊರಿಂದೂರಿಗೆ ಸಾಗಿಸಿ ಕಟ್ಟುವುದು ತಂಡದ ಕೈಗೆ ಎಟುಕದ ಖರ್ಚಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಕಾರ್ಯಕ್ರಮಗಳೊಂದಿಗೆ ಅದು ಮುಗಿಯಿತು.

ವೇದಿಕೆ ಎಷ್ಟು ದೊಡ್ಡದಾದರೂ ಕಿವಿಯ ನರಗಳು ಹಳೆಯವೇ. 1984ರಲ್ಲಿ ಕ್ಯಾಥಿ ಪೆಕ್ ಎಂಬ ಬೇಸ್ ವಾದಕಿ ತಮ್ಮ ದ ಕಾಂಟ್ರ್ಯಾಕ್ಷನ್ಸ್ ತಂಡದ ಜೊತೆ ಓಕ್ಲೆಂಡ್‌ನಲ್ಲಿ ಡ್ಯುರಾನ್ ಡ್ಯುರಾನ್ ತಂಡಕ್ಕೆ ಮುಂಚಿನ ಕಾರ್ಯಕ್ರಮ ಕೊಟ್ಟರು. ಅದಾದ ಮೇಲೆ ದಿನಗಟ್ಟಲೆ ಕಿವಿಯಲ್ಲಿ ಗುಂಯ್ ನಿಲ್ಲಲಿಲ್ಲ, ಕೇಳುವ ಶಕ್ತಿ ಕುಗ್ಗಿತು. 1988ರಲ್ಲಿ ಅವರು ವೈದ್ಯ ಫ್ಲ್ಯಾಶ್ ಗಾರ್ಡನ್ ಜೊತೆ ಸೇರಿ ರಾಕ್ ಸಂಗೀತಗಾರರ ಕಿವಿ ಕಾಯುವ 'ಹಿಯರ್' ಎಂಬ ಸಂಸ್ಥೆ ಕಟ್ಟಿದರು. ಅದಕ್ಕೆ ಆರಂಭದಲ್ಲೇ ಹಣ ಕೊಟ್ಟವರಲ್ಲಿ ಟೌನ್ಸೆಂಡ್ ಒಬ್ಬರು. ಅದೇ ವರ್ಷ ಇಲಿನಾಯ್ ರಾಜ್ಯದ ಎಟಿಮೋಟಿಕ್ ರಿಸರ್ಚ್ ಕಂಪನಿಯ ಮೀಡ್ ಕಿಲಿಯನ್ ಸಂಗೀತಗಾರರಿಗೆಂದೇ ಒಂದು ಕಿವಿಬಿರಡೆ ತಂದರು. ಸಾಮಾನ್ಯ ಬಿರಡೆ ತಾರ ಸ್ವರಗಳನ್ನು ನುಂಗಿ ಎಲ್ಲವನ್ನೂ ಮಬ್ಬು ಮಾಡುತ್ತದೆ. ಇದು ಎಲ್ಲ ಸ್ವರಗಳನ್ನೂ ಸಮನಾಗಿ 15 ಡೆಸಿಬಲ್ ಇಳಿಸುತ್ತಿತ್ತು. ಸದ್ದು ಕಡಿಮೆ ಆಗಬೇಕು, ಸಂಗೀತ ಕೆಡಬಾರದು ಎಂಬ ಈ ವಿಚಾರವೇ ಇನ್-ಇಯರ್‌ಗೂ ಬುನಾದಿ.

ಇನ್-ಇಯರ್‌ಗೆ ಒಬ್ಬನೇ ಜನಕನಿಲ್ಲ. ಸ್ಟೀಫನ್ ಆಂಬ್ರೋಸ್ ಎಂಬ ಅಮೆರಿಕನ್ ಗಾಯಕ 1960ರ ದಶಕದಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ತನಗೆ ತಾನು ಕೇಳಿಸಿಕೊಳ್ಳಲೆಂದು ಪುಟ್ಟ ಸ್ಪೀಕರ್‌ಗಳನ್ನು ಕಿವಿಗೆ ಹೊಂದಿಸತೊಡಗಿದ್ದ. ಮುಂದೆ ಅವರು ಸ್ಟೀವಿ ವಂಡರ್‌ರಂಥವರಿಗೆ ಇವನ್ನು ಮಾಡಿಕೊಟ್ಟರು. ಫಿಲಡೆಲ್ಫಿಯಾ ಕಡೆಯ ಮಾರ್ಟಿ ಗಾರ್ಸಿಯಾ 1980ರ ದಶಕದಲ್ಲಿ ಟಾಡ್ ರಂಡ್‌ಗ್ರನ್‌ಗೆ ಮಾಡಿಕೊಟ್ಟು, ಫ್ಯೂಚರ್ ಸಾನಿಕ್ಸ್ ಎಂಬ ಕಂಪನಿ ಕಟ್ಟಿದರು. ಬ್ರಿಟನ್ನಿನಲ್ಲಿ ಸ್ಟೀವಿ ವಂಡರ್ ಅವರ ಸೌಂಡ್ ನೋಡಿಕೊಂಡಿದ್ದ ಕ್ರಿಸ್ ಲಿಂಡಾಪ್, ಮಾರ್ಟಿನ್ ನೋವಾರ್ ಜೊತೆ ಸೇರಿ ಗಾರ್ವುಡ್ ಎಂಬ ಕಂಪನಿಯಿಂದ 'ರೇಡಿಯೋ ಸ್ಟೇಷನ್' ಎಂಬ ನಿಸ್ತಂತು ವ್ಯವಸ್ಥೆ ತಂದರು. ವೇದಿಕೆಯ ಬದಿಯಲ್ಲಿ ಚಿಕ್ಕದೊಂದು ಪ್ರಸಾರ ಯಂತ್ರ, ಸೊಂಟದಲ್ಲಿ ಅದನ್ನು ಹಿಡಿಯುವ ಪೆಟ್ಟಿಗೆ, ಅಲ್ಲಿಂದ ಕಿವಿಗೆ ತಂತಿ. ಇಂದಿಗೂ ವ್ಯವಸ್ಥೆಯ ಅಂಗಾಂಗಗಳು ಇವೇ.

1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ತಂಡವಾಗಿ ಒಪ್ಪಿಕೊಂಡ ಮೊದಲಿಗರಲ್ಲಿ ಗ್ರೇಟ್‌ಫುಲ್ ಡೆಡ್ ಕೂಡ ಇತ್ತು. ಹಿಂದೆ 600 ಸ್ಪೀಕರ್‌ಗಳ ಗೋಡೆಯ ಮುಂದೆ ನಿಂತಿದ್ದ ಅದೇ ಫಿಲ್ ಲೆಶ್ ಇಪ್ಪತ್ತು ವರ್ಷದೊಳಗೆ ಬೆರಳ ತುದಿಯಷ್ಟು ಸ್ಪೀಕರ್‌ಗಳಲ್ಲಿ ತಮ್ಮ ಮಂದ್ರವನ್ನು ಹುಡುಕಿಕೊಂಡರು. ಈ ವಿದ್ಯೆಯ ಚರಿತ್ರೆಯಲ್ಲಿ ಒಬ್ಬನೇ ವಾದಕ ಎರಡು ತುದಿಗಳನ್ನೂ ಮುಟ್ಟಿದ ಉದಾಹರಣೆ ಇದಕ್ಕಿಂತ ದೊಡ್ಡದಿಲ್ಲ.

ಬೆರಳ ತುದಿಯಷ್ಟು ಸ್ಪೀಕರ್ ಎಂಟು ಮೀಟರ್ ಉದ್ದದ ಅಲೆಯನ್ನು ಹೇಗೆ ಹುಟ್ಟಿಸೀತು? ಇಡೀ ಸಭಾಂಗಣದ ಗಾಳಿಯನ್ನು ಅಲುಗಿಸಬೇಕಾದರೆ ಹದಿನೈದು ಇಂಚಿನ ಸ್ಪೀಕರ್ ಬೇಕು ನಿಜ. ಕಿವಿಯ ರಂಧ್ರದಲ್ಲಿರುವುದು ತೀರಾ ಸ್ವಲ್ಪ ಗಾಳಿ. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಸ್ವಲ್ಪ ಒತ್ತಿದರೂ ಒಳಗಿನ ಒತ್ತಡ ಏರುವಂತೆ, ರಂಧ್ರ ಪೂರ್ತಿ ಮುಚ್ಚಿದ್ದರೆ ಕೂದಲೆಳೆಯಷ್ಟು ಚಲನೆಯೂ ತುಂಬು ಮಂದ್ರವನ್ನು ಕೊಡುತ್ತದೆ. ಎಲ್ಲಾದರೂ ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಮಂದ್ರ ಸ್ವರವೇ. ಹಾಡುಗಾರನಿಗೆ ಸಡಿಲವಾದ ಇನ್-ಇಯರ್ ಕಿರಿಕಿರಿ, ಬೇಸ್ ವಾದಕನಿಗೆ ಅದು ವಾದ್ಯವನ್ನೇ ಕಿತ್ತುಕೊಂಡಂತೆ.

ಹೀಗಾಗಿ ಕಿವಿಯ ಅಚ್ಚು ತೆಗೆಯುವುದು ಈ ಕಸುಬಿನ ಭಾಗವಾಯಿತು. ಶ್ರವಣ ತಜ್ಞರು ಕಿವಿಯೊಳಗೆ ಹತ್ತಿಯ ಚಿಕ್ಕ ತಡೆ ಇಟ್ಟು, ಮೇಲೆ ಮೆತ್ತನೆಯ ಸಿಲಿಕೋನ್ ತುಂಬಿ, ಅದು ಗಟ್ಟಿಯಾಗುವ ತನಕ ಕಾಯುತ್ತಾರೆ. ಆಗ ವಾದಕ ಹಲ್ಲಿನ ನಡುವೆ ಒಂದು ತುಂಡು ಕಚ್ಚಿ ಬಾಯಿ ತೆರೆದು ಕೂರಬೇಕು. ದವಡೆ ಅಲುಗಿದರೆ ರಂಧ್ರದ ಆಕಾರ ಬದಲಾಗುತ್ತದೆ, ಬಾಯಿ ಮುಚ್ಚಿ ತೆಗೆದ ಅಚ್ಚು ಹಾಡುವಾಗ ಸಂದು ಬಿಡುತ್ತದೆ. ಕೊಲರಾಡೋದ ವೆಸ್ಟೋನ್ ಕಂಪನಿ ಶ್ರವಣ ಸಾಧನಗಳಿಗೆ ಅಚ್ಚು ಮಾಡುತ್ತಲೇ ಈ ಸಂಗೀತ ಲೋಕಕ್ಕೆ ಬಂದದ್ದು. ಒಳಗಿನ ಯಂತ್ರವೂ ಶ್ರವಣ ಸಾಧನಗಳಿಂದಲೇ ಬಂತು: ಅಯಸ್ಕಾಂತಗಳ ನಡುವೆ ತೆಳು ಲೋಹದ ನಾಲಗೆಯೊಂದು ನಡುಗುವ 'ಬ್ಯಾಲೆನ್ಸ್ಡ್ ಆರ್ಮೇಚರ್'. ಅಮೆರಿಕದ ನೋಲ್ಸ್ ಕಂಪನಿ ಇದನ್ನು ಕಿವಿ ಕೇಳದವರ ಯಂತ್ರಗಳಿಗೆ ವರ್ಷಗಳಿಂದ ಮಾಡಿಕೊಡುತ್ತಿತ್ತು. ಕಿವಿ ಮಂದವಾದವರಿಗಾಗಿ ಹುಟ್ಟಿದ ಸಾಧನ, ಕಿವಿ ಮಂದವಾಗದಿರಲೆಂದು ಸಂಗೀತಗಾರರ ಕೈಗೆ ಬಂತು.

ಒಂದೇ ಆರ್ಮೇಚರ್ ಮಾತಿಗೆ ಸಾಕು, ಬೇಸ್‌ಗೂ ಡ್ರಮ್‌ಗೂ ಸಾಲದು. 1995ರಲ್ಲಿ ವ್ಯಾನ್ ಹೇಲನ್ ತಂಡದ ಜೊತೆ ಪ್ರವಾಸದಲ್ಲಿದ್ದ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವೆ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್ ಅವರಿಗಾಗಿ ತಗ್ಗಿಗೊಂದು, ಮೇಲಿಗೊಂದು ಎಂದು ಎರಡು ಆರ್ಮೇಚರ್‌ಗಳನ್ನು ಒಂದೇ ಅಚ್ಚಿನಲ್ಲಿ ಕೂರಿಸಿದರು. ಅದರಿಂದ ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿತು. 1997ರಲ್ಲಿ ಮೈಕ್‌ಗಳಿಗೆ ಹೆಸರಾದ ಶೂರ್ ಕಂಪನಿ ಪಿಎಸ್‌ಎಂ 600 ಎಂಬ ವ್ಯವಸ್ಥೆಯೊಂದಿಗೆ ಈ ಮಾರುಕಟ್ಟೆಗೆ ಇಳಿಯಿತು. ಹಾರ್ವೆ ಮುಂದೆ ಬೇರೆ ಕಂಪನಿ ಕಟ್ಟಿ ಒಂದೊಂದು ಕಿವಿಗೆ ಎಂಟೆಂಟು ಆರ್ಮೇಚರ್ ಜೋಡಿಸಿದರು, ಅದರಲ್ಲಿ ನಾಲ್ಕು ಬರೀ ಮಂದ್ರಕ್ಕೆ. ಮಾರ್ಟಿ ಗಾರ್ಸಿಯಾ ಮಾತ್ರ ಸುರುಳಿಯಿಂದ ಪೊರೆಯನ್ನು ಅಲುಗಿಸುವ ಹಳೆಯ ಬಗೆಯ ಒಂದೇ ಸ್ಪೀಕರ್ ಸಾಕೆಂದು ಪಟ್ಟು ಹಿಡಿದರು. ತಗ್ಗಿನ ಸ್ವರ ಅದರಲ್ಲೇ ದುಂಡಗೆ ಬರುತ್ತದೆ ಎಂದು ನಂಬುವ ಬೇಸ್ ವಾದಕರು ಇಂದಿಗೂ ಇದ್ದಾರೆ.

ವೇದಿಕೆಯಿಂದ ಪೆಟ್ಟಿಗೆ ಹೋಗಬಲ್ಲ ಮೊದಲ ವಾದ್ಯಗಳಲ್ಲಿ ಬೇಸ್ ಒಂದಾಗಿತ್ತು, ಅದಕ್ಕೂ ಕಾರಣವಿದೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದಲ್ಲೇ ಜೇಮ್ಸ್ ಜೇಮರ್ಸನ್ ತಮ್ಮ ಬೇಸ್ ಅನ್ನು ಆಂಪ್ ಇಲ್ಲದೆ ಸೀದಾ ಮಿಕ್ಸರ್‌ಗೆ ಸಿಕ್ಕಿಸಿ ಧ್ವನಿಮುದ್ರಣ ಮಾಡುತ್ತಿದ್ದರು. ಗಿಟಾರ್‌ಗೆ ಆಂಪಿನ ಒರಟು ಬೇಕು, ಬೇಸ್ ಅದಿಲ್ಲದೆಯೂ ನಿಲ್ಲುತ್ತದೆ. ಹಾಗಾಗಿ ಲೈಫ್‌ಸನ್ ಅವರ ಪೆಟ್ಟಿಗೆಗಳು ಉಳಿದು, ಲೀ ಅವರ ಕಡೆ ಜಾಗ ತೆರವಾಯಿತು.

ಲಾಭ ಏನು? ಮೊದಲನೆಯದು ಸಮಯ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂರು ಭಾಗ ಹಿಡಿಯುತ್ತದೆ. ದೊಡ್ಡ ವೇದಿಕೆಯಲ್ಲಿ ಡ್ರಮ್ಮಿನಿಂದ ಹತ್ತು ಮೀಟರ್ ಆಚೆ ನಿಂತ ಬೇಸ್ ವಾದಕನಿಗೆ ಪ್ರತಿ ಪೆಟ್ಟೂ ತಡವಾಗಿಯೇ ಕೇಳುತ್ತಿತ್ತು. ಅನುಭವಿಗಳು ಅದನ್ನು ಅಂದಾಜಿನಲ್ಲಿ ಸರಿದೂಗಿಸುತ್ತಿದ್ದರು. ಇನ್-ಇಯರ್‌ನಲ್ಲಿ ಡ್ರಮ್ಮು ವಾದಕನ ತಲೆಯ ನಡುವೆ ಬಂದು ಕೂರುತ್ತದೆ. ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ಪೆಟ್ಟೂ ಬೇಸ್‌ನ ತಂತಿಯೂ ಒಂದೇ ಕ್ಷಣದಲ್ಲಿ ಬಿದ್ದವೇ ಇಲ್ಲವೇ ಎಂಬುದು ಹಿಂದೆಂದೂ ಇಷ್ಟು ನಿಷ್ಠುರವಾಗಿ ತಿಳಿಯುತ್ತಿರಲಿಲ್ಲ. ಎರಡನೆಯದು ಶ್ರುತಿ. ಮೆಟ್ಟಿಲಿಲ್ಲದ ಬೇಸ್ ನುಡಿಸುವವರಿಗೆ, ನುಡಿಸುತ್ತಲೇ ಹಾಡುವವರಿಗೆ ಇದು ವರದಾನ. ಮೂರನೆಯದು ತಾಳ ಹಿಡಿಯುವ 'ಕ್ಲಿಕ್'. ಜನರಿಗೆ ಕೇಳಿಸದಂತೆ ವಾದಕರ ಕಿವಿಗೆ ಮಾತ್ರ ಟಿಕ್ ಟಿಕ್ ಕಳಿಸಬಹುದಾದ್ದರಿಂದ ಮೊದಲೇ ಮುದ್ರಿಸಿಟ್ಟ ವಾದ್ಯಗಳೊಂದಿಗೆ, ದೀಪಗಳೊಂದಿಗೆ, ದೃಶ್ಯಗಳೊಂದಿಗೆ ಹೊಂದಿಸಿ ನುಡಿಸುವುದು ಸಾಧ್ಯವಾಯಿತು. ಇದನ್ನು ಪೂರ್ತಿ ಲಾಭವೆಂದು ಬರೆದುಕೊಳ್ಳಲು ಮನಸ್ಸು ಒಪ್ಪದು. ಬೇಸ್ ವಾದಕ ಕೂದಲೆಳೆಯಷ್ಟು ಹಿಂದೆ ಎಳೆದು, ಡ್ರಮ್ ವಾದಕ ಮುಂದೆ ತಳ್ಳಿ, ಲಯ ಅವರಿಬ್ಬರ ನಡುವೆ ಉಸಿರಾಡುತ್ತಿದ್ದ ಹಳೆಯ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಕ್ಲಿಕ್ ಕಿತ್ತುಕೊಂಡದ್ದು ಏನೆಂಬುದು ಗೊತ್ತು.

ಮೈಗೆ ಆದ ನಷ್ಟವನ್ನು ವಾದಕರು ಮೊದಲ ದಿನವೇ ಗುರುತಿಸಿದರು. ಸ್ವರ ಸ್ಪಷ್ಟವಾಗಿ ಕೇಳುತ್ತದೆ, ಪ್ಯಾಂಟಿನ ಬಟ್ಟೆ ಅದುರುವುದಿಲ್ಲ, ಹಲಗೆಯ ನಡುಕ ಕಾಲಿಗೆ ತಾಗುವುದಿಲ್ಲ. ತಾವು ಸಣ್ಣ ವಾದ್ಯವೊಂದನ್ನು ದೂರದ ಕೋಣೆಯಲ್ಲಿ ನುಡಿಸುತ್ತಿದ್ದೇವೆ ಎನ್ನಿಸುತ್ತದೆ, ಆಗ ಬೆರಳುಗಳು ತಂತಿಯನ್ನು ಅಗತ್ಯಕ್ಕಿಂತ ಬಿರುಸಾಗಿ ಎಳೆಯತೊಡಗುತ್ತವೆ. ಕಸುಬು ಇದಕ್ಕೂ ದಾರಿ ಹುಡುಕಿತು. ಡ್ರಮ್ ವಾದಕರ ಪೀಠದ ಕೆಳಗೆ ಬಟ್‌ಕಿಕ್ಕರ್‌ನಂಥ ಕಂಪನ ಯಂತ್ರಗಳು ಬಂದವು, ಬೇಸ್ ವಾದಕರು ನಿಲ್ಲಲು ಅದೇ ಯಂತ್ರ ಅಡಗಿಸಿದ ಹಲಗೆಗಳು ಬಂದವು. ಸದ್ದಿಲ್ಲದ ನಡುಕ ಪಾದದಿಂದ ಏರಿ ಸೊಂಟ ಮುಟ್ಟುತ್ತದೆ, ಕಿವಿಗೆ ಸ್ವರ ಬರುತ್ತದೆ, ಎರಡೂ ಮೆದುಳಿನಲ್ಲಿ ಸೇರಿ ಹಳೆಯ ಪೆಟ್ಟಿಗೆಯ ಅನುಭವ ಮೂಡುತ್ತದೆ. ಇನ್ನು ಕೆಲವರು ಇನ್-ಇಯರ್ ಹಾಕಿಕೊಂಡೇ ಬೆನ್ನ ಹಿಂದೆ ಚಿಕ್ಕದೊಂದು ಪೆಟ್ಟಿಗೆಯನ್ನು ತಗ್ಗಿದ ಸದ್ದಿನಲ್ಲಿ ಇಟ್ಟುಕೊಳ್ಳುತ್ತಾರೆ.

ಒಂಟಿತನ ಇನ್ನೊಂದು ದೂರು. ಕಿವಿ ಮುಚ್ಚಿದ ಮೇಲೆ ಚಪ್ಪಾಳೆ ಕೇಳಿಸದು, ಪಕ್ಕದವರ ಮಾತು ಕೇಳಿಸದು. ಅದಕ್ಕೆ ಸಭಿಕರತ್ತ ಮೈಕ್ ಇಟ್ಟು ಆ ಸದ್ದನ್ನೂ ಬೆರೆಸಿ ಕೊಡುವುದು ರೂಢಿಯಾಯಿತು. ವಾದಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು, ಜನರಿಗೆ ಕೇಳಿಸದ ಬೇರೆ ಮೈಕ್‌ಗಳೂ ಬಂದವು. ಅದಕ್ಕೂ ಮೊದಲು ಅನೇಕರು ಒಂದು ಕಿವಿಯದನ್ನು ಕಿತ್ತು ಹೆಗಲಿಗೆ ಬಿಟ್ಟುಕೊಳ್ಳುತ್ತಿದ್ದರು, ಈಗಲೂ ಬಿಟ್ಟುಕೊಳ್ಳುತ್ತಾರೆ. ಶ್ರವಣ ತಜ್ಞರು ಬೇಡವೆನ್ನುವುದು ಇದನ್ನೇ. ಎರಡೂ ಕಿವಿಯಿಂದ ಕೇಳಿದಾಗ ಸಾಕಾಗುವ ಸದ್ದು ಒಂದೇ ಕಿವಿಗೆ ಸಾಲದು, ಅದನ್ನು ಏರಿಸಬೇಕಾಗುತ್ತದೆ. ತೆರೆದ ಕಿವಿಗೆ ಡ್ರಮ್ಮಿನ ತಾಳಗಳು ನೇರವಾಗಿ ಬಡಿಯುತ್ತವೆ. ಎರಡೂ ಕಡೆ ಪೆಟ್ಟು.

ಇನ್-ಇಯರ್ ಹಾಕಿದ ಮಾತ್ರಕ್ಕೆ ಕಿವಿ ಉಳಿಯುತ್ತದೆ ಎಂಬ ನಂಬಿಕೆಯೂ ಅಪಾಯದ್ದೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಹಾಕಿದ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್ ಏರಿದರೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಪುಟ್ಟ ಸ್ಪೀಕರ್‌ಗಳು ಅದನ್ನು ಸುಲಭವಾಗಿ ದಾಟಬಲ್ಲವು, ಅದೂ ಕಿವಿದಮಟೆಯಿಂದ ಬೆರಳಗಲದ ದೂರದಲ್ಲಿ. ಮೊದಲ ಸಂಶೋಧಕರಲ್ಲಿ ಒಬ್ಬರಾದ ಆಂಬ್ರೋಸ್ ದಶಕಗಳ ನಂತರ ಈ ಸಮಸ್ಯೆಗೇ ಮರಳಿದರು. ಮುಚ್ಚಿದ ರಂಧ್ರದೊಳಗೆ ಕಟ್ಟಿಕೊಳ್ಳುವ ಒತ್ತಡವನ್ನು ತೆಳು ಪೊರೆಯೊಂದು ಹೀರಿಕೊಳ್ಳುವಂತೆ ಹೊಸ ರಚನೆ ಮಾಡಿದರು. ಕಿವಿ ಕೆಟ್ಟು 2016ರಲ್ಲಿ ಪ್ರವಾಸ ನಿಲ್ಲಿಸಿದ್ದ ಎಸಿ/ಡಿಸಿ ತಂಡದ ಗಾಯಕ ಬ್ರಯಾನ್ ಜಾನ್ಸನ್ ಮತ್ತೆ ಹಾಡಲು ಬಂದದ್ದು ಅವರ ನೆರವಿನಿಂದ.

ಇಷ್ಟರಲ್ಲಿ ಬೆಲೆ ಇಳಿಯಿತು. 2012ರಲ್ಲಿ ಬಂದ ಬೆಹ್ರಿಂಜರ್ ಎಕ್ಸ್32ನಂಥ ಡಿಜಿಟಲ್ ಮಿಕ್ಸರ್‌ಗಳಿಂದಾಗಿ ಚಿಕ್ಕ ತಂಡದ ಬೇಸ್ ವಾದಕನೂ ತನಗೆ ಯಾವ ವಾದ್ಯ ಎಷ್ಟು ಕೇಳಬೇಕೆಂದು ಫೋನಿನಲ್ಲೇ ಹೊಂದಿಸಿಕೊಳ್ಳಬಲ್ಲ. ಹಿಂದೆ ಕೈಸನ್ನೆ ಮಾಡಿ, ಹುಬ್ಬು ಹಾರಿಸಿ ಮಾನಿಟರ್ ಎಂಜಿನಿಯರನ್ನು ಬೇಡಿಕೊಳ್ಳಬೇಕಿತ್ತು. ಕನ್ನಡದ ಟಿವಿ ಸಂಗೀತ ಸ್ಪರ್ಧೆಗಳಲ್ಲಿ ಎಳೆಯ ಹಾಡುಗಾರರ ಕಿವಿಯಲ್ಲೂ ಇಂದು ಇದು ಕಾಣುತ್ತದೆ. ಒಂದೆಡೆ ನಿಂತು ನುಡಿಸುವ ಬೇಸ್ ವಾದಕರಿಗೆ ನಿಸ್ತಂತು ಯಂತ್ರವೂ ಬೇಕಿಲ್ಲ, ವಾದ್ಯದ ಕೇಬಲ್ ಪಕ್ಕದಲ್ಲೇ ಕಿವಿಯ ತಂತಿಯನ್ನೂ ಕಟ್ಟಿಕೊಂಡರೆ ಸಾಕು.

ಅಚ್ಚುಗಳು ಮಾತ್ರ ಶಾಶ್ವತವಲ್ಲ. ಕಿವಿಯ ರಂಧ್ರದ ಆಕಾರ ವರ್ಷಗಳು ಕಳೆದಂತೆ ಬದಲಾಗುತ್ತದೆ, ತೂಕ ಇಳಿದರೂ ಏರಿದರೂ ಬದಲಾಗುತ್ತದೆ. ಮಂದ್ರ ಸೋರತೊಡಗಿದಾಗ ವಾದಕ ಮತ್ತೆ ಶ್ರವಣ ತಜ್ಞರ ಕುರ್ಚಿಗೆ ಹೋಗಬೇಕು. ಅಲ್ಲಿ ಸಿಲಿಕೋನ್ ತುಂಬುವ ಮುಂಚೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯ ರೂಢಿ. ಸದ್ದಿನಿಂದಾದ ಹಾನಿ ಆ ನಕ್ಷೆಯಲ್ಲಿ ಮೊದಲು ಕಾಣುವುದು ಮಂದ್ರದಲ್ಲಿ ಅಲ್ಲ, 4000 ಹರ್ಟ್ಜ್ ಆಸುಪಾಸಿನಲ್ಲಿ, ಮಾತಿನ ಸ, ಶ, ತ ಅಕ್ಷರಗಳಿಗೆ ತೀಕ್ಷ್ಣತೆ ಕೊಡುವ ಎತ್ತರದಲ್ಲಿ. ದಶಕಗಟ್ಟಲೆ ಪೆಟ್ಟಿಗೆಯ ಮುಂದೆ ನಿಂತ ಬೇಸ್ ವಾದಕನಿಗೆ 41 ಹರ್ಟ್ಜ್‌ನ ತನ್ನ ಸ್ವರ ಚೆನ್ನಾಗಿಯೇ ಕೇಳುತ್ತಿರುತ್ತದೆ, ಊಟದ ಮೇಜಿನ ಆಚೆ ಕೂತ ಮಗಳ ಮಾತು ಕೇಳಿಸುವುದಿಲ್ಲ.